ಮೊದಲು ಬೂಟ್, ಆಮೇಲೆ ಎಲಿ

ಇಸ್ಪೀಟಿನಲ್ಲಿ ರಮ್ಮಿಗಿಂತ ತೀನ್ ಪತ್ತಿ ನನಗೆ ಇಷ್ಟ. ಅದರಲ್ಲೂ ಎಲೆ ಹಂಚುವುದಕ್ಕೆ ಮುಂಚಿನ ಅರೆಗಳಿಗೆ. ಲಿಂಗಸುಗೂರಿನ ಕಾಕಾ ಜಮಖಾನೆ ತಟ್ಟಿ, "ಬೂಟ್ ಇಡ್ರಿ, ಇಡದೋರಿಗೆ ಎಲಿ ಇಲ್ಲ" ಅಂದೊಡನೆ ಒಬ್ಬೊಬ್ಬರ ಗುಡ್ಡೆಯಿಂದ ಒಂದೊಂದು ಹುಣಸೆಬೀಜ ನಡುವಿಗೆ ಬೀಳುತ್ತದೆ. ನಮ್ಮದು ಬೀಜದ ಆಟ. ದುಡ್ಡಿಟ್ಟರೆ 1963ರ ಪೊಲೀಸ್ ಕಾಯ್ದೆಯ ಭಯ. ಅದಕ್ಕೂ ಮೊದಲು ಚಿಗವ್ವನ ಭಯ.

ಬೂಟ್ ಯಾಕೆ? ಮೂರು ಎಲೆ 22,100 ಬಗೆಯಲ್ಲಿ ಬೀಳಬಹುದು. ಮೂರು ಎಕ್ಕ, ಮೂರು ರಾಜ ಹೀಗೆ ಟ್ರೇಲ್ ಆಗುವುದು 52 ಸಲ ಮಾತ್ರ, ಅಂದರೆ 425ಕ್ಕೆ ಒಂದು. ನಡುವೆ ಏನೂ ಇಲ್ಲದಿದ್ದರೆ ಜಾಣ ಟ್ರೇಲ್ ಬರುವ ತನಕ ಎಲೆ ಕೆಳಗಿಟ್ಟು ಪ್ಯಾಕ್ ಮಾಡುತ್ತ ಚಹಾ ಕುಡಿದುಕೊಂಡಿರುತ್ತಾನೆ. ಎಲ್ಲರೂ ಜಾಣರಾದರೆ ಆಟವೆಲ್ಲಿ? ಬೂಟ್ ಇದ್ದರೆ ಕಾದಷ್ಟೂ ಗುಡ್ಡೆ ಕರಗುತ್ತದೆ. ಸಿಂಧನೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ, ಎಡದಂಡೆ ಕಾಲುವೆ ನಂಬಿ ಭತ್ತಕ್ಕೆ ದುಡ್ಡು ಸುರಿದವರೆಲ್ಲ ಬೂಟ್ ಇಟ್ಟು ಎಲೆ ನೋಡದೆ ಕೂತವರೇ.

ನೋಡದೆ ಆಡುವುದರ ಮಜವೇ ಬೇರೆ. ಬ್ಲೈಂಡ್ ಆಡುವವರು ಒಂದು ಬೀಜ ಇಟ್ಟರೆ, ಎಲೆ ನೋಡಿದವರು ಚಾಲ್‌ಗೆ ಕನಿಷ್ಠ ಎರಡು ಇಡಬೇಕು. ನೋಡಿದ್ದಕ್ಕೇ ದಂಡ! ಮಸ್ಕಿಯ ಭಾವ ಎಲೆಗಳನ್ನು ಮಂಡಿಯಡಿ ಒತ್ತಿಟ್ಟು, ಅಡಿಕೆ ಜಗಿಯುತ್ತ ಬ್ಲೈಂಡ್ ಮೇಲೆ ಬ್ಲೈಂಡ್ ಹೊಡೆಯುತ್ತಾರೆ. ಎದುರಿಗೆ ಗುಲಾಮನ ಜೋಡಿ ಹಿಡಿದವನು ಎಲೆಗಳನ್ನು ಮತ್ತೆ ಮತ್ತೆ ಬಿಚ್ಚಿ ನೋಡುತ್ತಾನೆ, ನಡುವೆ ಬದಲಾಗಿರಬಹುದೇನೋ ಎಂಬಂತೆ.

ಬೆಂಗಳೂರಿನಿಂದ ಬಂದ ಅಳಿಯ ಹೋದ ದೀಪಾವಳಿಗೆ ಪೋಕರ್ ಕಲಿಸಿದ. ಅಲ್ಲಿ ಹಂಚುವವನ ಎಡಕ್ಕಿರುವ ಇಬ್ಬರಿಗೆ ಮಾತ್ರ ಕಡ್ಡಾಯ: ಮೊದಲನೆಯವನದು ಸ್ಮಾಲ್ ಬ್ಲೈಂಡ್, ಮುಂದಿನವನದು ಸಾಮಾನ್ಯವಾಗಿ ಅದರ ಎರಡರಷ್ಟು, ಬಿಗ್ ಬ್ಲೈಂಡ್. ಪ್ರತಿ ಆಟಕ್ಕೂ ಪಾಳಿ ಒಂದು ಜಾಗ ಸರಿಯುತ್ತದೆ. ಯಾರೂ ಏರಿಸದೆ ಸಮ ಮಾಡಿದರೂ ಏರಿಸುವ ಕೊನೆಯ ಹಕ್ಕು ಬಿಗ್ ಬ್ಲೈಂಡಿನವನದು. ಕೂತ ಜಾಗಕ್ಕೇ ಬೆಲೆ ಬರುವ ಈ ಲೆಕ್ಕ ಚತುರವಾದದ್ದು, ಒಪ್ಪುತ್ತೇನೆ. ಆದರೆ ಹಬ್ಬದ ಮನೆಗೆ ಸ್ವಲ್ಪ ಒಣ ಆಟ. ಏನೂ ಇಡದವರು ಬೇಸರವಿಲ್ಲದೆ ಎಲೆ ಬಿಸಾಕುತ್ತಾರೆ.

"ತಾತಾ, ಬಿಗ್ ಬ್ಲೈಂಡ್ ನಿಮ್ದು," ಎಂದ ಕಾಕಾಗೆ.

"ನಾ ಒಬ್ಬನ ಯಾಕ ಇಡ್ಲಿ? ಎಲ್ಲಾರೂ ಒಂದೊಂದು ಇಡ್ರಿ, ಆಮ್ಯಾಲ ನಂದು."

ಟೂರ್ನಮೆಂಟುಗಳಲ್ಲಿ ಬ್ಲೈಂಡಿನ ಜೊತೆಗೆ ಆ್ಯಂಟಿ ಎಂದು ಎಲ್ಲರಿಂದಲೂ ಇಡಿಸುವ ರೂಢಿಯೂ ಇದೆ ಎಂದ ಅಳಿಯ. ಕಾಕಾಗೆ ಇದೇನೂ ಹೊಸದೆನಿಸಲಿಲ್ಲ; ಆಗಲೇ ಎಲೆ ಕಲೆಸುತ್ತಿದ್ದರು.