ಬಣ್ಣ ಕಳಚುವ ಹೊತ್ತು

ಬಣ್ಣ ಹಚ್ಚಲು ಕಲಿಸುವವರು ಬಹುಮಂದಿ. ಕಳಚಲು ಕಲಿಸುವವರು ವಿರಳ.

ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದ ವೃದ್ಧರೊಬ್ಬರು ಒಂದು ಕಾಲಕ್ಕೆ ಹವ್ಯಾಸಿ ನಾಟಕಗಳ ದುರ್ಯೋಧನ. ಆಟ ಮುಗಿಸಿ ಬೆಳಗಿನ ಜಾವ ಮನೆಗೆ ಮರಳಿದರೆ, ಮಡದಿ ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ಹಿಡಿದು ಕಾದಿರುತ್ತಿದ್ದರು. ನೀರಿಗೆ ಜಗ್ಗದ ಬಣ್ಣ ಎಣ್ಣೆಗೆ ಸಡಿಲುತ್ತಿತ್ತು. ಆ ಉಪಚಾರಕ್ಕೆ ಅವರೆಂದೂ ಒಂದು ಒಳ್ಳೆಯ ಮಾತು ಆಡಿದವರಲ್ಲ.

ಮೊನ್ನೆ ನಂಜನಗೂಡಿನ ಮದುವೆಯಿಂದ ಮರಳಿದ ಮೊಮ್ಮಗಳು ಬೆಣ್ಣೆಯಂಥ ಕ್ಲೆನ್ಸಿಂಗ್ ಬಾಮನ್ನು ಒಣಮುಖಕ್ಕೆ ಮೃದುವಾಗಿ ತಿಕ್ಕಿದಳು. ಮೇಕಪ್ಪೂ ಸನ್‌ಸ್ಕ್ರೀನೂ ಕರಗಿದವು. ನೀರು ಸೋಕಿದೊಡನೆ ಎಲ್ಲವೂ ಹಾಲಿನಂತಾಗಿ ತೊಳೆದುಹೋಯಿತು.

“ಅಜ್ಜಿಯ ಉಪಾಯವೇ, ತಾತ. ಎಣ್ಣೆಗೂ ನೀರಿಗೂ ಸ್ನೇಹ ಬೆಳೆಸುವ ವಸ್ತುವೊಂದನ್ನು ಸೇರಿಸಿದ್ದಾರೆ, ಅಷ್ಟೆ.”

ವೃದ್ಧರು ಗೋಡೆಯ ಮೇಲಿನ ಭಾವಚಿತ್ರದತ್ತ ನೋಡಿದರು.

“ಎಣ್ಣೆ ಡಬ್ಬಿಗೆ ಬಂತು, ಸರಿ. ಬಟ್ಟಲು ಹಿಡಿದು ಕಾಯುತ್ತಿದ್ದವಳು?”