ಒಂದೇ ಚಿತ್ರದಲ್ಲಿ ಎರಡು ರಾಬಿನ್

ಕ್ರಿಸ್‌ಮಸ್ ಕಾರ್ಡುಗಳ ಮೇಲೆ ಕೆಂಪು ಎದೆಯ ಪುಟ್ಟ ಹಕ್ಕಿಯೊಂದನ್ನು ನೀವೆಲ್ಲ ಕಂಡಿರುತ್ತೀರಿ. ಹಿಮ ಬಿದ್ದ ಕೊಂಬೆಯ ಮೇಲೆ ಅದು ಒಂಟಿಯಾಗಿ ಕುಳಿತಿರುತ್ತದೆ. ಅದೇ ಯುರೋಪಿನ ರಾಬಿನ್. ನಮ್ಮ ಧರ್ಮೋಪದೇಶದ ತರಗತಿಯ ಪುಟ್ಟ ಹುಡುಗಿಯೊಬ್ಬಳು ಅಂಥ ಒಂದು ಕಾರ್ಡು ಹಿಡಿದು, "ಇದಕ್ಕೆ ಜೋಡಿ ಇಲ್ಲವಾ ಫಾದರ್?" ಎಂದು ಕೇಳಿದ್ದಳು. ನನ್ನಲ್ಲಿ ಉತ್ತರ ಇರಲಿಲ್ಲ.

2023ರ ಪಾಸ್ಕ ಹಬ್ಬದ ನಂತರ ಐರ್ಲೆಂಡಿನ ವಿಕ್ಲೋ ಸೀಮೆಯ ಧರ್ಮಕೇಂದ್ರವೊಂದರಲ್ಲಿ ಕೆಲವು ವಾರ ಸೇವೆ ಸಲ್ಲಿಸುವ ಅವಕಾಶ ಒದಗಿತು. ಆ ಪ್ರಶ್ನೆ ನೆನಪಾಗಿ, ಗೆಳೆಯ ಗುರುಗಳೊಬ್ಬರ ಜೂಮ್ ಕ್ಯಾಮೆರಾವನ್ನು ಕೇಳಿ ತೆಗೆದುಕೊಂಡು ಹೋದೆ. ಒಂದೇ ಚಿತ್ರದಲ್ಲಿ ಗಂಡು ಹೆಣ್ಣು ಎರಡೂ ಇರಬೇಕೆಂಬುದು ನನ್ನ ಹಟ.

ಡಬ್ಲಿನ್ ನಗರದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, ವಿಕ್ಲೋ ಬೆಟ್ಟಗಳ ನಡುವೆ ಗ್ಲೆಂಡಲಾಕ್ ಎಂಬ ಕಣಿವೆಯಿದೆ. ಐರಿಷ್ ಭಾಷೆಯಲ್ಲಿ 'ಎರಡು ಸರೋವರಗಳ ಕಣಿವೆ' ಎಂದು ಇದರ ಅರ್ಥ. 6ನೇ ಶತಮಾನದಲ್ಲಿ ಸಂತ ಕೆವಿನ್ ಏಕಾಂತವನ್ನು ಅರಸಿ ಇಲ್ಲಿಗೆ ಬಂದರು. ಅವರ ಸುತ್ತ ಬೆಳೆದ ಮಠದ ಕುರುಹುಗಳು ಇಂದಿಗೂ ಉಳಿದಿವೆ. ಸುಮಾರು 30 ಮೀಟರ್ ಎತ್ತರದ ದುಂಡು ಗೋಪುರವಂತೂ ದೂರದಿಂದಲೇ ಕಾಣುತ್ತದೆ. ಅದರ ಬಾಗಿಲು ನೆಲದಲ್ಲಿಲ್ಲ, ಮೂರೂವರೆ ಮೀಟರ್ ಮೇಲಿದೆ!

ಸಂತ ಕೆವಿನ್ ಕೈ ಚಾಚಿ ಪ್ರಾರ್ಥಿಸುತ್ತಿದ್ದಾಗ ಕರಿಹಕ್ಕಿಯೊಂದು ಅವರ ಅಂಗೈಯಲ್ಲಿ ಮೊಟ್ಟೆ ಇಟ್ಟಿತಂತೆ. ಮರಿಗಳು ಹೊರಬರುವವರೆಗೂ ಅವರು ಕೈ ಅಲುಗಿಸಲಿಲ್ಲವಂತೆ. 12ನೇ ಶತಮಾನದಲ್ಲಿ ವೇಲ್ಸ್ ನಾಡಿನ ಜೆರಾಲ್ಡ್ ಎಂಬ ಧರ್ಮಗುರು ಈ ಐತಿಹ್ಯವನ್ನು ಬರೆದಿಟ್ಟರು. ಹಕ್ಕಿಗಾಗಿ ಕಾಯುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ನಾನು ಮಾತ್ರ ಆ ಪಾಠವನ್ನು ತಡವಾಗಿ ಕಲಿತೆ.

ಮೊದಲ ದಿನ ಬೆಳಿಗ್ಗೆ ಮೇಲಿನ ಸರೋವರದ ದಡಕ್ಕೆ ಹೋದೆ. ಜನ ಬುತ್ತಿ ಬಿಚ್ಚುವ ಮೇಜುಗಳ ಬಳಿ ರಾಬಿನ್‌ಗಳು ಎರಡು ಹೆಜ್ಜೆ ದೂರಕ್ಕೇ ಬರುತ್ತಿದ್ದವು. ಉದ್ದ 14 ಸೆಂಟಿಮೀಟರ್, ತೂಕ 16ರಿಂದ 22 ಗ್ರಾಂ, ಅಷ್ಟೇ. ಎದೆಯ ಬಣ್ಣ ನಿಜವಾಗಿ ಕೆಂಪಲ್ಲ, ಕಿತ್ತಳೆ. ಬೇಕಾದಷ್ಟು ಚಿತ್ರ ತೆಗೆದೆ. ಆದರೆ ಎಲ್ಲದರಲ್ಲೂ ಒಂದೊಂದೇ ಹಕ್ಕಿ. ಅದು ಗಂಡೋ ಹೆಣ್ಣೋ ತಿಳಿಯುವಂತಿರಲಿಲ್ಲ. ಎರಡೂ ನೋಡಲು ಒಂದೇ ರೀತಿ.

ಆ ಸಂಜೆ ನಮ್ಮ ದೇವಾಲಯದ ಪೂಜಾ ಸಾಮಗ್ರಿ ನೋಡಿಕೊಳ್ಳುವ ಅಜ್ಜ ನನಗೆ ವಿವರಿಸಿದರು. ಶರತ್ಕಾಲ ಬಂದೊಡನೆ ಗಂಡಾಗಲಿ ಹೆಣ್ಣಾಗಲಿ ಪ್ರತಿಯೊಂದು ರಾಬಿನ್ ತನ್ನದೇ ಗಡಿ ಹಾಕಿಕೊಳ್ಳುತ್ತದೆ. ಚಳಿಗಾಲದಲ್ಲಿ ಎರಡೂ ಹಾಡುತ್ತವೆ. ಆ ಹಾಡು "ಒಳಗೆ ಬರಬೇಡ" ಎಂಬ ಎಚ್ಚರಿಕೆ. ಗಡಿ ದಾಟಿದರೆ ಜಗಳ, ಕೆಲವೊಮ್ಮೆ ಸಾವು ಕೂಡ. ಕಾರ್ಡಿನ ಹಕ್ಕಿ ಒಂಟಿಯಾಗಿರುವುದು ಅದಕ್ಕೇ! ನಡುಚಳಿಗಾಲ ಕಳೆಯುತ್ತಿದ್ದಂತೆ ಹೆಣ್ಣು ತನ್ನ ಗಡಿ ಬಿಟ್ಟು ಗಂಡಿನ ಗಡಿಯೊಳಗೆ ಬರುತ್ತದೆ. ನಿನ್ನೆಯ ವೈರಿ ಇಂದಿನ ಸಂಗಾತಿ. ಇಂಗ್ಲೆಂಡಿನ ಡಾರ್ಟಿಂಗ್‌ಟನ್‌ನಲ್ಲಿ ಶಾಲಾ ಶಿಕ್ಷಕರಾಗಿದ್ದ ಡೇವಿಡ್ ಲ್ಯಾಕ್ ಎಂಬವರು ರಾಬಿನ್‌ಗಳ ಕಾಲಿಗೆ ಬಣ್ಣದ ಉಂಗುರ ಹಾಕಿ ವರ್ಷಗಟ್ಟಲೆ ಗಮನಿಸಿ, 1943ರಲ್ಲಿ ಒಂದು ಪುಸ್ತಕವನ್ನೇ ಬರೆದರು. "ಏಪ್ರಿಲ್ ತಿಂಗಳಲ್ಲಿ ಒಂದು ಇನ್ನೊಂದಕ್ಕೆ ತುತ್ತು ಕೊಡುತ್ತದೆ ಫಾದರ್. ಕೊಡುವುದು ಗಂಡ, ತಿನ್ನುವುದು ಹೆಂಡತಿ" ಎಂದರು ಅಜ್ಜ.

ಎರಡನೆಯ ದಿನ ಜನರಿಂದ ದೂರ, ಓಕ್ ಕಾಡಿನೊಳಗೆ ಹೋದೆ. ಐವಿ ಬಳ್ಳಿ ಹಬ್ಬಿದ ಹಳೆಯ ಕಲ್ಲಿನ ಗೋಡೆಯ ಬಳಿ ಒಂದು ರಾಬಿನ್ ಕೊಕ್ಕಿನಲ್ಲಿ ಹಸಿರು ಹುಳು ಹಿಡಿದು ಕುಳಿತಿತ್ತು. ಬಳ್ಳಿಯೊಳಗಿನಿಂದ ಇನ್ನೊಂದರ ಸಣ್ಣ ಕರೆ ಕೇಳುತ್ತಿತ್ತು. ಆದರೆ ನನ್ನನ್ನು ಕಂಡು ಎರಡೂ ಹತ್ತಿರ ಸೇರಲಿಲ್ಲ. ಅರ್ಧ ಗಂಟೆಯಲ್ಲೇ ನನ್ನ ತಾಳ್ಮೆ ಮುಗಿಯಿತು. ಮೊಬೈಲಿನಲ್ಲಿದ್ದ ರಾಬಿನ್ ಹಾಡನ್ನು ಜೋರಾಗಿ ಹಾಕಿಬಿಟ್ಟೆ.

ಗಂಡು ಹುಳುವನ್ನು ಕೆಳಗೆ ಹಾಕಿತು. ಎದೆ ಉಬ್ಬಿಸಿ, ತಲೆ ಎತ್ತಿ, ಆ ಕಡೆ ಈ ಕಡೆ ಹಾರಿ, ಇಲ್ಲದ ಶತ್ರುವನ್ನು ಹುಡುಕತೊಡಗಿತು. ಬಳ್ಳಿಯೊಳಗಿನ ಕರೆ ಸ್ವಲ್ಪ ಹೊತ್ತು ಕೇಳಿ ನಿಂತುಹೋಯಿತು. ನಾನು ಹಾಡು ನಿಲ್ಲಿಸಿದ ಮೇಲೂ ಅದರ ಹುಡುಕಾಟ ನಿಲ್ಲಲಿಲ್ಲ. ಒಂದು ಚಿತ್ರದ ಆಸೆಗೆ ಒಂದು ಸಂಸಾರದ ತುತ್ತು ತಪ್ಪಿಸಿದ್ದೆ.

ನಡೆದದ್ದನ್ನು ಅಜ್ಜನಲ್ಲಿ ಹೇಳಿಕೊಂಡೆ. ಅವರು ಗದರಲಿಲ್ಲ. ಒಣಎಲೆ, ಪಾಚಿ ತಂದು ಗೂಡು ಕಟ್ಟುವವಳು ಹೆಣ್ಣೇ. 4ರಿಂದ 6 ಮೊಟ್ಟೆಗಳ ಮೇಲೆ ಸುಮಾರು 2 ವಾರ ಕಾವು ಕೂರುವವಳೂ ಅವಳೇ. ಆ ದಿನಗಳಲ್ಲಿ ಗಂಡು ತರುವ ತುತ್ತು ಅವಳಿಗೆ ದೊಡ್ಡ ಆಸರೆ. ಕಾಟ ಹೆಚ್ಚಾದರೆ ಅವಳು ಗೂಡನ್ನೇ ಬಿಟ್ಟು ಹೋಗಬಹುದು ಎಂದರು. ಬಳಿಕ ಆ ನಾಡಿನ ಹಳೆಯ ಕಥೆಯೊಂದನ್ನು ಹೇಳಿದರು. ಯೇಸುಸ್ವಾಮಿ ಶಿಲುಬೆಯ ಮೇಲಿದ್ದಾಗ ಪುಟ್ಟ ಹಕ್ಕಿಯೊಂದು ಹಾರಿಬಂದು ಮುಳ್ಳಿನ ಕಿರೀಟದ ಒಂದು ಮುಳ್ಳನ್ನು ಕಿತ್ತಿತಂತೆ. ಆಗ ತಗುಲಿದ ರಕ್ತದ ಕಲೆಯೇ ಅದರ ಎದೆಯ ಕೆಂಪು. ಇದು ಬೈಬಲಿನಲ್ಲಿಲ್ಲ, ಜನರ ಕಥೆ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮುಳ್ಳು ಕಿತ್ತ ಹಕ್ಕಿಗೆ ನಾನು ಮುಳ್ಳು ಚುಚ್ಚಿದ್ದೆ.

ಮೂರನೆಯ ದಿನ ಮೊಬೈಲನ್ನು ಕೋಣೆಯಲ್ಲೇ ಬಿಟ್ಟು ಹೊರಟೆ. ತುಂತುರು ಮಳೆ. ಗೋಡೆಯಿಂದ ಸಾಕಷ್ಟು ದೂರದಲ್ಲಿ ಓಕ್ ಮರಕ್ಕೆ ಒರಗಿ ಕುಳಿತೆ. ಕ್ಯಾಮೆರಾದ ಸದ್ದು ಆರಿಸಿದೆ, ಫ್ಲ್ಯಾಶ್ ಮುಚ್ಚಿದೆ. ಕಾಡಿನ ಮಂದ ಬೆಳಕಿಗೆ ಐಎಸ್‌ಒ 1600ಕ್ಕೆ ಏರಿಸಿ ಸುಮ್ಮನಾದೆ. ಚಳಿಗೆ ಬೆರಳು ಮರಗಟ್ಟಿತು. ಎರಡು ಗಂಟೆಯಲ್ಲಿ ಎರಡು ಜಪಮಾಲೆ ಮುಗಿದವು.

ಆಮೇಲೆ ಬಳ್ಳಿಯೊಳಗಿನಿಂದ ಹೆಣ್ಣು ತಾನಾಗಿ ಹೊರಬಂದು ಗೋಡೆಯ ಮೇಲೆ ಕುಳಿತಳು. ಮೈ ಕುಗ್ಗಿಸಿ, ರೆಕ್ಕೆ ನಡುಗಿಸಿ, ಮರಿಯಂತೆ ಬಾಯಿ ತೆರೆದಳು. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬರು "ತಾಯಿ ಮರಿ" ಎಂದು ಪಿಸುಗುಟ್ಟಿದರು. ಆದರೆ ರಾಬಿನ್ ಮರಿಗೆ ಕೆಂಪು ಎದೆ ಇರುವುದಿಲ್ಲ, ಮೈಯೆಲ್ಲ ಕಂದು ಚುಕ್ಕೆ. ಇಲ್ಲಿ ಎರಡು ಎದೆಗಳೂ ಕೆಂಪು. ಗಂಡು ಇಳಿದುಬಂದು ಅವಳ ಬಾಯಿಗೆ ಹುಳು ಇಟ್ಟಿತು. ಎರಡು ಸೆಕೆಂಡೂ ಆಗಲಿಲ್ಲ. ನಾನು ಮೂರು ಬಾರಿ ಗುಂಡಿ ಒತ್ತಿದೆ. ಒಂದರಲ್ಲಿ ಬಾಲ ಮಾತ್ರ, ಇನ್ನೊಂದು ಪೂರ್ತಿ ಮಸುಕು. ಮೂರನೆಯದರಲ್ಲಿ ಎರಡೂ ಇದ್ದವು, ಕೊಕ್ಕಿಗೆ ಕೊಕ್ಕು. ಅವಳು ಬಳ್ಳಿಯೊಳಕ್ಕೆ ನುಸುಳಿದಳು. ಗೂಡು ಎಲ್ಲಿದೆ ಎಂದು ಈಗ ಗೊತ್ತಾಯಿತು. ಅತ್ತ ಹೆಜ್ಜೆ ಇಡದೆ ಎದ್ದು ಬಂದೆ.

ಊರಿಗೆ ಮರಳಿದ ಮೇಲೆ ಭಾನುವಾರದ ಪೂಜೆ ಮುಗಿಸಿ ಆ ಹುಡುಗಿಗೆ ಚಿತ್ರ ತೋರಿಸಿದೆ. "ಇದರಲ್ಲಿ ಗಂಡು ಯಾವುದು?" ಎಂದಳು. "ತುತ್ತು ಕೊಡುತ್ತಿರುವುದು" ಎಂದೆ. ಅವಳು ಒಂದು ಕ್ಷಣ ಯೋಚಿಸಿ, "ನಮ್ಮ ಮನೆಯಲ್ಲಿ ಅಮ್ಮನೇ ಬಡಿಸುವುದು ಫಾದರ್" ಎಂದಳು. ಹಿಂದೆ ನಿಂತಿದ್ದ ಅಪ್ಪ ತಲೆ ಕೆರೆದುಕೊಂಡರು, ಅಮ್ಮ ನಕ್ಕರು.

ಪ್ರಿಯ ಓದುಗರೇ, ನಮ್ಮ ಹಿತ್ತಲಿನ ಕಪ್ಪು ಬಿಳುಪಿನ ಮಡಿವಾಳ ಹಕ್ಕಿಗೂ ಇಂಗ್ಲಿಷರು ರಾಬಿನ್ ಎಂದೇ ಹೆಸರಿಟ್ಟಿದ್ದಾರೆ. ಮಾರ್ಚ್ ತಿಂಗಳಿಂದ ಮಳೆಗಾಲದವರೆಗೆ ಅದು ಗೂಡು ಮಾಡುವ ಸಮಯ. ಚಿತ್ರ ತೆಗೆಯುವ ಆಸೆಯಾದರೆ ಮೊಬೈಲಿನ ಹಾಡು ಬೇಡ. ಸ್ವಲ್ಪ ದೂರದಲ್ಲಿ ಕುಳಿತು ಕಾಯಿರಿ. ಬಂದರೆ ಬಂತು. ಬರದಿದ್ದರೂ ಅದರ ಮನೆಯಲ್ಲಿ ಯಾರ ತುತ್ತೂ ತಪ್ಪುವುದಿಲ್ಲ.