ಮಳೆ ನೋಡಿ ಮಡಿ ಮಾಡಿ

ಮನೆಗೊಂದು ಕೈತೋಟ ಬೇಕು ಅನ್ನಿಸಿದ ಕೂಡಲೇ ನಮ್ಮ ಜನ ನರ್ಸರಿಗೆ ಹೊರಡುತ್ತಾರೆ. ಹೂ ಬಿಟ್ಟು ನಿಂತ ಗಿಡ ಕಣ್ಣಿಗೆ ಬೀಳುತ್ತದೆ, ತಂದು ಬಾಲ್ಕನಿಯಲ್ಲಿ ಇಡುತ್ತಾರೆ, ಮಾರ್ಚ್ ಮುಗಿಯುವಷ್ಟರಲ್ಲಿ ಅದು ಒಣಕಡ್ಡಿ. ‘ನಮ್ಮ ಕೈಗೆ ಗಿಡ ಹತ್ತೋದಿಲ್ಲ ಬಿಡಿ’ ಅಂತ ಬೇಸರಪಡುತ್ತಾರೆ. ಕೈಯಲ್ಲಿ ಯಾವ ದೋಷವೂ ಇಲ್ಲ ಸ್ವಾಮಿ. ಗಿಡ ಆಮೇಲೆ ತನ್ನಿ, ಮೊದಲು ನೀರಿನ ಲೆಕ್ಕ ಹಾಕಿ.

ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸು ಮಳೆ. ಕಡಿಮೆಯೇನಲ್ಲ. ಏಪ್ರಿಲ್–ಮೇನಲ್ಲಿ ಗುಡುಗು ಸಿಡಿಲಿನ ಜೊತೆ ಒಂದು ಸುತ್ತು, ಜೂನ್–ಜುಲೈನಲ್ಲಿ ಜಿಟಿಜಿಟಿ, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಜೋರು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹೆಚ್ಚುಕಡಿಮೆ ಏನೂ ಇಲ್ಲ. ಸಾವಿರ ಚದರ ಅಡಿ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 93 ಲೀಟರ್ ನೀರು. ವರ್ಷಕ್ಕೆ ಸುಮಾರು 90,000 ಲೀಟರ್. ಇಷ್ಟನ್ನೂ ಮೋರಿಗೆ ಬಿಟ್ಟು, ಬೇಸಿಗೆಯಲ್ಲಿ ಟ್ಯಾಂಕರಿಗೆ ಫೋನ್ ಮಾಡುತ್ತೇವೆ.

2024ರ ಮಾರ್ಚ್ ನೆನಪಿದೆಯಲ್ಲ? ಕೆ.ಆರ್. ಪುರ, ಮಹದೇವಪುರದ ಕಡೆ ಬೋರ್‌ವೆಲ್‌ಗಳು ಬತ್ತಿದವು. ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಸರಿಯಾದ ಆದೇಶವೇ. ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತವರ ಎದುರು ಹುಲ್ಲುಹಾಸಿಗೆ ಪೈಪ್ ಬಿಡುವುದು ಸಲ್ಲದು. ಆ ಬೇಸಿಗೆಯಲ್ಲೂ ನಮ್ಮ ಬೀದಿಯಲ್ಲಿ ಉಳಿದುಕೊಂಡ ಗಿಡಗಳಿದ್ದವು. ಅವೆಲ್ಲ ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು ಕುಡಿದು ಬೆಳೆದವು. ಬುಡಕ್ಕೆ ಒಣಗಿದೆಲೆಯ ದಪ್ಪ ಹೊದಿಕೆ ಇತ್ತು.

ದಂಡಿನ ಕಡೆಯ ತೋಟಗಳ ಕಥೆ ದೊಡ್ಡದು. 1809ರಲ್ಲಿ ಇಲ್ಲಿ ಕಂಟೋನ್ಮೆಂಟ್ ಆಯಿತು, ವಿಶಾಲ ಕಾಂಪೌಂಡಿನ ಬಂಗಲೆಗಳು ಎದ್ದವು. ದೊರೆಗಳಿಗೆ ಎಲೆಕೋಸು, ಬೀನ್ಸು, ಕ್ಯಾರೆಟ್ಟು ಬೇಕಿತ್ತು. ಊರ ಸುತ್ತ ತರಕಾರಿ ಬೆಳೆಯುವ ಕಸುಬನ್ನು ತಲೆಮಾರುಗಳಿಂದ ಹಿಡಿದು ಬಂದವರು ತಿಗಳರು. ಕರಗ ಹೊರುವ ಅದೇ ತಿಗಳರು. ಅವರ ತೋಟಗಳು ಬಡಾವಣೆಯಾದವು, ಬಂಗಲೆಗಳು ಅಪಾರ್ಟ್‌ಮೆಂಟ್ ಆದವು. ಆದರೂ ಬೆಳಗಿನ ಜಾವ ಶಿವಾಜಿನಗರದಲ್ಲಿ, 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್ಟಿನೊಳಗೆ ಒಂದು ಸುತ್ತು ಹಾಕಿ ಬನ್ನಿ. ಯಾವ ತರಕಾರಿ ರಾಶಿಯಾಗಿ ಬಿದ್ದಿದೆಯೋ ಈ ಕಾಲಕ್ಕೆ ನಮ್ಮ ಹವೆಯಲ್ಲಿ ಸಲೀಸಾಗಿ ಬರುವುದು ಅದೇ. ಬೀಜದ ಪೊಟ್ಟಣದ ಹಿಂದೆ ಅಚ್ಚಾದ ತಿಂಗಳುಗಳಿಗಿಂತ ಆ ರಾಶಿಯನ್ನು ನಾನು ಹೆಚ್ಚು ನಂಬುತ್ತೇನೆ.

ಕ್ರುಂಬೀಗಲ್ ಅವರನ್ನು ಇಲ್ಲಿ ನೆನೆಯಲೇಬೇಕು. 1908ರಲ್ಲಿ ಮೈಸೂರು ಸಂಸ್ಥಾನದ ತೋಟಗಳ ಹೊಣೆ ಹೊತ್ತ ಈ ಜರ್ಮನ್ ತೋಟಗಾರ, ಒಂದು ಮರದ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಆರಿಸಿ ಬೀದಿಬೀದಿಗೆ ನೆಡಿಸಿದರು. ಅದೇ ಉಪಾಯ ಅಡುಗೆಮನೆಯ ತೋಟಕ್ಕೂ ಬೇಕು. ಒಂದೇ ದಿನ ಎಲ್ಲ ಬೀಜ ಹಾಕಿ, ಒಂದೇ ವಾರ ಎಲ್ಲ ಕೊಯ್ದು, ಆಮೇಲೆ ಬರಿದಾದ ಕುಂಡ ನೋಡುತ್ತ ಕೂರುವುದರಲ್ಲಿ ಸುಖವಿಲ್ಲ. ಹರಿವೆ ಸೊಪ್ಪಿಗೆ ಒಂದು ತಿಂಗಳು ಸಾಕು, ಮೆಂತ್ಯಕ್ಕೆ ಇನ್ನೂ ಕಡಿಮೆ. ಎರಡು ವಾರಕ್ಕೊಮ್ಮೆ ಒಂದು ಹಿಡಿ ಬೀಜ ಎರಚುತ್ತಿದ್ದರೆ ಬಸ್ಸಾರಿಗೆ ಸೊಪ್ಪು ತಪ್ಪದು.

ಭರಣಿ ಮಳೆ ಬಿದ್ದ ಮೇಲೆ ಬೆಂಡೆ, ಬದನೆ, ಮೆಣಸಿನಕಾಯಿ ಹಾಕಿ. ನುಗ್ಗೆಯ ಕೊಂಬೆ ಊರುವುದಕ್ಕೂ ಆಗಲೇ ಸಮಯ. ಆಷಾಢದ ಗಾಳಿಗೆ ತಾರಸಿಯ ಗಿಡ ಮುರಿಯುತ್ತದೆ, ಊರುಗೋಲು ಮೊದಲೇ ಕಟ್ಟಿರಬೇಕು. ಮಳೆ ಹಿಂದೆ ಸರಿಯುವ ಚಿತ್ತಾ, ಸ್ವಾತಿಯ ಹೊತ್ತಿಗೆ ನವಿಲುಕೋಸು, ಮೂಲಂಗಿ, ಕೊತ್ತಂಬರಿ.

ಅವರೆಯ ವಿಷಯ ಮಾತ್ರ ಬೇರೆ. ಹೊಲದಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಾಗಿ ಬೆಳೆಯುವ ನಾಟಿ ಅವರೆಯನ್ನು ಯಾವಾಗ ಬಿತ್ತಿದರೂ ಹಗಲು ಗಿಡ್ಡವಾಗದೆ ಅದು ಹೂವಿಗೆ ಬರುವುದಿಲ್ಲ. ಪುಷ್ಯ, ಆಶ್ಲೇಷಾ ಮಳೆಯಲ್ಲಿ ಹಾಕಿದರೆ ಬಳ್ಳಿ ಚೆನ್ನಾಗಿ ಹಬ್ಬಿ, ಇಬ್ಬನಿ ಬೀಳುವ ಕಾಲಕ್ಕೆ ಹೂವಾಗಿ, ಸಂಕ್ರಾಂತಿಗೆ ಸೊಗಡಿನ ಕಾಯಿ. ಹೂವಿಗೆ ಅದಕ್ಕೆ ಉದ್ದನೆಯ ಕತ್ತಲು ಬೇಕು. ಇಂದಿರಾನಗರದಂಥ ಕಡೆ ರಾತ್ರಿಯಿಡೀ ಬೀದಿದೀಪ ಬೀಳುವ ಮೂಲೆಯಲ್ಲಿ ಅದನ್ನು ಇಡಬೇಡಿ. ವರ್ಷವಿಡೀ ಕಾಯಿ ಬೇಕೆನ್ನುವವರಿಗೆ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ–3, 4 ತಳಿಗಳಿವೆ. ನನ್ನ ಓಟು ನಾಟಿಗೇ. ಕಾದು ತಿನ್ನುವ ಹಿತಕಿದಬೇಳೆ ಸಾರಿನ ರುಚಿ ಆಷಾಢದ ಅವರೆಗೆ ಎಲ್ಲಿಂದ ಬರಬೇಕು?

ಅವರೆಯ ಕುಡಿಗೆ ಕಪ್ಪು ಹೇನು ಹತ್ತುತ್ತದೆ, ಬೇಸಿಗೆಯಲ್ಲಿ ದಾಸವಾಳಕ್ಕೆ ಹಿಟ್ಟು ತಿಗಣೆ. ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ, ಚೂರು ಸೋಪು ಕಲಸಿ ಸಂಜೆ ಹೊತ್ತು ಎಲೆಯ ಅಡಿಗೂ ತಾಗುವಂತೆ ಸಿಂಪಡಿಸಿ. ಗುಲಗಂಜಿ ಹುಳು ಕಂಡರೆ ಕೈ ತಡೆಯಿರಿ. ಹೇನು ತಿನ್ನುವ ಕೆಲಸ ಅದೇ ಮಾಡುತ್ತದೆ. ಮಳೆಗಾಲದ ದೊಡ್ಡ ಪೀಡೆ ಆಫ್ರಿಕದ ಬಸವನಹುಳು. ರಾತ್ರಿ ಒದ್ದೆ ಗೋಣಿಚೀಲ ಹಾಸಿಟ್ಟರೆ ಅದರಡಿ ಸೇರುತ್ತವೆ. ಬೆಳಿಗ್ಗೆ ಆರಿಸಿ ಉಪ್ಪುನೀರಿಗೆ ಹಾಕಬೇಕು, ಬೇರೆ ಸುಲಭದ ದಾರಿ ಇಲ್ಲ.

ತಾರಸಿಯ ಮೇಲೆ ಮಾಡುವವರಿಗೆ ಒಂದು ಎಚ್ಚರಿಕೆ. ಹತ್ತು ಚದರ ಅಡಿ ಜಾಗಕ್ಕೆ ಒಂದಡಿ ಎತ್ತರ ಹಸಿಮಣ್ಣು ತುಂಬಿದರೆ ಅರ್ಧ ಟನ್ನಿನ ಹತ್ತಿರ ಭಾರ. ಕುಂಡಗಳು ತೊಲೆಯ ನೇರಕ್ಕೆ ಇರಲಿ, ಮಣ್ಣಿಗೆ ತೆಂಗಿನ ನಾರಿನ ಪುಡಿ, ಗೊಬ್ಬರ ಧಾರಾಳವಾಗಿ ಬೆರೆಯಲಿ. ಕುಂಡವನ್ನು ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನಿನಲ್ಲೇ ಕೊಳ್ಳಿ ಅನ್ನುತ್ತೇನೆ. ಗಣೇಶನನ್ನು ಮಾಡುವ ಕೈಗಳೇ ಅಲ್ಲಿ ಕುಂಡವನ್ನೂ ಮಾಡುತ್ತವೆ. ಸುಟ್ಟ ಮಣ್ಣು ಉಸಿರಾಡುತ್ತದೆ, ಬೇರು ಕೊಳೆಯುವುದು ಕಡಿಮೆ. ಹಸಿಕಸವನ್ನು ಗೊಬ್ಬರ ಮಾಡುವ ಮಣ್ಣಿನ ಗಡಿಗೆಗಳೂ ಈಗ ಸಿಗುತ್ತವೆ. ಸಿಪ್ಪೆ, ತೊಟ್ಟು, ಒಣಗಿದೆಲೆ ಹಾಕುತ್ತ ಹೋದರೆ ಎರಡು ಮೂರು ತಿಂಗಳಿಗೆ ಗೊಬ್ಬರ. ಕಸದ ಗಾಡಿಗೆ ಕೊಡುವುದು ಅಷ್ಟು ಕಡಿಮೆಯಾಯಿತು.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ನಮ್ಮ ಊರಲ್ಲಿ ತೋಟ ಬೇಸಿಗೆಗೆ ಚಿಕ್ಕದಾಗಬೇಕು. ಕರಿಬೇವು, ನುಗ್ಗೆ, ದೊಡ್ಡಪತ್ರೆ, ಬಸಳೆ, ಒಂದೆರಡು ಮಲ್ಲಿಗೆ ಬಳ್ಳಿ ಇದ್ದರೆ ಸಾಕು. ಉಳಿದ ಕುಂಡಗಳ ಮಣ್ಣು ಬಿಸಿಲಿಗೆ ಬಿದ್ದು ಒಣಗಲಿ, ಅದಕ್ಕೂ ಒಳ್ಳೆಯದೇ. ಹೀಗೆ ಕಿರಿದು ಮಾಡಿಕೊಂಡರೆ ದಿನಕ್ಕೆ 20 ಲೀಟರ್ ನೀರು ಸಾಕು, ಡಿಸೆಂಬರ್‌ನಿಂದ ಏಪ್ರಿಲ್ ಮಧ್ಯದವರೆಗೆ 2,700 ಲೀಟರ್. ಸೆಪ್ಟೆಂಬರಿನ ಒಂದು ಜೋರು ಮಳೆ, ಮೂವತ್ತು ಮಿಲಿಮೀಟರ್ ಬಂದರೆ, ಸಾವಿರ ಅಡಿಯ ತಾರಸಿಯಿಂದ ಇಷ್ಟೂ ನೀರು ಇಳಿದು ಬರುತ್ತದೆ.

ಆದ್ದರಿಂದ ಬರುವ ಹುಬ್ಬೆ ಮಳೆಗೆ ಮುಂಚೆ ತಾರಸಿ ಗುಡಿಸಿ, ಕೊಳವೆಯ ಬಾಯಿಗೆ ಜಾಲರಿ ಕಟ್ಟಿ, ಕೆಳಗೆ ಸಂಪೋ ಡ್ರಮ್ಮುಗಳೋ ಸಿದ್ಧವಿರಲಿ, ಸೊಳ್ಳೆ ಹೋಗದಂತೆ ಮುಚ್ಚಳವೂ ಇರಲಿ. ಮೊದಲ ವರ್ಷ ಗಿಡಕ್ಕೆಂದು ಎತ್ತಿಟ್ಟ ದುಡ್ಡನ್ನು ದಯವಿಟ್ಟು ಅದಕ್ಕೇ ಹಾಕಿ.